ಒಳಗಿನ ಮೈಕು, ಹೊರಗಿನ ಮೈಕು

"ಹೊಸ್ತಿಲಾ ದಾಟಬ್ಯಾಡ ಅಂತ ಹೇಳಲೇ ಆ ಮುದುಕಿಗೆ. ದನಿ ಅಷ್ಟ ಒಳಗ ಬರಲಿ."

ಕಾಕಾಸಾಹೇಬರು ಇದನ್ನು ಹೇಳಿದ್ದು ಅಕ್ಕವ್ವನಿಗೆ. ಅಕ್ಕವ್ವ ಕೈಗೆಟಕುವಷ್ಟು ಹತ್ತಿರದಲ್ಲೇ, ಬಾಗಿಲ ಹೊರಗೆ, ಒಂಟಿ ತಂತಿಯ ಚೌಡಕಿ ಹಿಡಿದು ನಿಂತಿದ್ದಳು. ಅವಳ ಕಿವಿಗಳು ಚೆನ್ನಾಗಿಯೇ ಇದ್ದವು. ಆದರೂ ಸಾಹೇಬರ ಮಾತು ಒಳಗೆ ಮಷಿನ್ನಿನ ಮುಂದಿದ್ದ ಭರಮುವಿನ ಮೂಲಕ ಸುತ್ತುಹಾಕಿಯೇ ಅವಳನ್ನು ಮುಟ್ಟಬೇಕು ಎನ್ನುವುದು ಆ ತೋಟದ ರಿವಾಜು.

"ಕೇಳ್ಸೇತೋ ತಮ್ಮಾ," ಅಂದಳು ಅಕ್ಕವ್ವ, ಭರಮು ಬಾಯಿ ತೆರೆಯುವ ಮೊದಲೇ. "ದನಿಗೆ ಕಾಲ ಇಲ್ಲ, ಹೊಸ್ತಿಲಾ ತುಳ್ಯೂದಿಲ್ಲ ಅಂತ ಹೇಳ ನಿಮ್ಮ ಸಾಹೇಬ್ರಿಗೆ."

ಹಾರೂಗೇರಿಯಿಂದ ಸ್ವಲ್ಪ ದೂರ, ಕಾಕಾಸಾಹೇಬರ ತೋಟದಲ್ಲಿ ಒಣದ್ರಾಕ್ಷಿ ತುಂಬಿಡುತ್ತಿದ್ದ ಗೋದಾಮು ಈಗ ರೆಕಾರ್ಡಿಂಗ್ ಸ್ಟುಡಿಯೋ ಆಗಿತ್ತು. ಕಬ್ಬು, ದ್ರಾಕ್ಷಿ, ಸಕ್ಕರೆ ಕಾರ್ಖಾನೆಯ ಡೈರೆಕ್ಟರ್‌ಗಿರಿ ಎಲ್ಲ ಇದ್ದರೂ ಸಾಹೇಬರಿಗೆ ಏನೋ ಕಡಿಮೆ ಅನ್ನಿಸಿತ್ತು. ಎಂಬತ್ತರ ದಶಕದ ಕೊನೆಗೆ ಚಹಾದಂಗಡಿ, ಟ್ರ್ಯಾಕ್ಟರ್, ಕಟಿಂಗ್ ಅಂಗಡಿ, ಎಲ್ಲಿ ನೋಡಿದರೂ ಕ್ಯಾಸೆಟ್ಟು ಹಾಡತೊಡಗಿದಾಗ, ಆ ಕಡಿಮೆ ಏನೆಂದು ಅವರಿಗೆ ತಟ್ಟನೆ ಹೊಳೆಯಿತು. ಕಂಪನಿ ತೆಗೆದರು. ಮಿರಜದ ಸ್ಟುಡಿಯೋದಲ್ಲಿ ಕಸ ಗುಡಿಸುತ್ತ ಗುಡಿಸುತ್ತ ಕೆಲಸ ಕಲಿತಿದ್ದ ಭರಮುವನ್ನು ಕರೆಸಿದರು. "ನಮ್ಮ ಇಂಜಿನಿಯರ್" ಎಂದು ಬಂದವರಿಗೆಲ್ಲ ತೋರಿಸಿದರು. ಜಾತಿ ಕೇಳಿದವರಿಗೆ ಮಾತ್ರ ಮಾತು ಮರೆಸಿ ಚಹಾ ತರಿಸುತ್ತಿದ್ದರು.

ಗೋಡೆಗೆ ಕೋಳಿತತ್ತಿಯ ಟ್ರೇ ಬಡಿದರೆ ದನಿ ಗುಂಯ್‌ಗುಡುವುದಿಲ್ಲ, ಮಿರಜದಲ್ಲಿ ಹಾಗೇ ಮಾಡಿದ್ದಾರೆ ಎಂದು ಭರಮು ಮೊದಲ ದಿನ ಹೇಳಿದಾಗ ಸಾಹೇಬರು ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಿದ್ದರು. ಕಡೆಗೆ ಕುರಿ ಕಾಯುವ ಮಾಳಸಿದ್ದನಿಂದ ಹಳೇ ಕಂಬಳಿ ತಂದು ಗೋಡೆ ತುಂಬ ನೇತುಹಾಕಿದರು. ದನಿ ಹದಕ್ಕೆ ಬಂತು. ಮಳೆಗಾಲದಲ್ಲಿ ಮಾತ್ರ ಸ್ಟುಡಿಯೋಕ್ಕೆ ಕುರಿಹಟ್ಟಿಯ ವಾಸನೆ.

ಭರಮು ಅಕ್ಕವ್ವನ ಅಕ್ಕನ ಮಗ. ಅದೇ ಹೊಲಗೇರಿಯವನು. ಆದರೆ ಅವನು ಹೊಸ್ತಿಲ ಒಳಗಿದ್ದ. ವೈರು ಜೋಡಿಸಲು, ಟೇಪಿನ ಸ್ಪೂಲ್ ಹಾಕಲು, ಮಷಿನ್ನಿನ ಧೂಳು ಒರೆಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಕೆಲಸ ನಿಂತುಹೋಗುವಂಥ ಮೈಲಿಗೆಯನ್ನು ಕಾಕಾಸಾಹೇಬರು ಯಾವತ್ತೂ ಎಣಿಕೆಗೆ ಹಿಡಿದವರಲ್ಲ. ಹಾಗಾಗಿ ಭರಮುವಿನ ಕೈ ಮಡಿಯಾಗಿತ್ತು. ಉಳಿದ ಅಂಗಗಳಿಗೆ ಆ ರಿಯಾಯಿತಿ ಇರಲಿಲ್ಲ. ಅವನು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ಮನೆಯವರು ಯಾರೂ ಮುಟ್ಟುತ್ತಿರಲಿಲ್ಲ. ಗೋಡೆಗಿದ್ದ ಎರಡು ಸ್ಪೀಕರುಗಳು ಕಾರ್ಖಾನೆಯ ಚುನಾವಣೆ ಪ್ರಚಾರಕ್ಕೆಂದು ಸಾಹೇಬರ ಜೀಪು ಹತ್ತಿ ಹೋದವು, ಮರಳಿ ಬರಲಿಲ್ಲ. ಅಂದಿನಿಂದ ಆ ಸ್ಟುಡಿಯೋದಲ್ಲಿ ಏನು ರೆಕಾರ್ಡ್ ಆಗುತ್ತಿದೆ ಎಂದು ಕೇಳುವವನು ಭರಮು ಒಬ್ಬನೇ. ಸಾಹೇಬರು ಮಷಿನ್ನಿನ ಮೀಟರಿನ ಮುಳ್ಳು ಕುಣಿಯುವುದನ್ನು ನೋಡಿ ಸಂತೋಷಪಡುತ್ತಿದ್ದರು.

ಮೈಕುಗಳು ಎರಡು. ಮುಂಬಯಿಯಿಂದ ತರಿಸಿದ ಜರ್ಮನ್ ಮೈಕು ಒಳಗಿನದು. ಅದಕ್ಕೆ ಕೆಂಪು ಮಖಮಲ್ಲಿನ ಚೀಲ, ಶುಕ್ರವಾರ ಊದಿನಕಡ್ಡಿ. ಅದು ಗುಡಿಯ ಪೂಜಾರಿ ಗುರುಪಾದಯ್ಯನವರಿಗೆ ಮೀಸಲು. ಇನ್ನೊಂದು, ಭರಮು ಹಿಂದೆ ಲೌಡ್‌ಸ್ಪೀಕರಿನ ಅಂಗಡಿಯಲ್ಲಿದ್ದಾಗಿನ ಜಜ್ಜಿದ ಕಬ್ಬಿಣದ ಮೈಕು, ಹೊರಗಿನದು. ಅದನ್ನು ಪಡಸಾಲೆಯ ಕಂಬಕ್ಕೆ ಹಗ್ಗದಿಂದ ಕಟ್ಟಿದ್ದರು. ಅಕ್ಕವ್ವನೂ ಅವಳಂಥವರೂ ಅದಕ್ಕೇ ಹಾಡಬೇಕು.

ಗುರುಪಾದಯ್ಯನವರ ಭಕ್ತಿಗೀತೆಯ ಕ್ಯಾಸೆಟ್ಟನ್ನು ದ್ರಾಕ್ಷಿಯ ಪೆಟ್ಟಿಗೆಯ ಜೊತೆ ಪುಕ್ಕಟೆ ಕೊಟ್ಟರೂ ಜನ ಒಯ್ದು ಅದರ ಮೇಲೆ ಸಿನಿಮಾ ಹಾಡು ತುಂಬಿಸಿಕೊಂಡರು. ಅಕ್ಕವ್ವನದು ಚಿಕ್ಕೋಡಿಯಿಂದ ಅಥಣಿಯವರೆಗೆ ಪ್ರತಿ ಬಸ್‌ಸ್ಟ್ಯಾಂಡಿನಲ್ಲೂ ಹಾಡಿತು. ಕವರಿನ ಮೇಲೆ ದೇವಿಯ ಚಿತ್ರ, ಸಾಹೇಬರ ಚಿತ್ರ, ಕೆಳಗೆ ಸಣ್ಣಗೆ "ಹಾಡಿದವರು: ಸಂಗಡಿಗರು". ಯಾರ ಸಂಗಡ, ಯಾರ ಗಡಿ ಎಂದು ಯಾರೂ ಕೇಳಲಿಲ್ಲ.

ಅಕ್ಕವ್ವ ಕೇಳಿದ್ದಳು. ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ಚಹಾದಂಗಡಿಯವನಿಗೆ, "ಇದು ನನ್ನ ದನೀರಿ" ಅಂದಿದ್ದಳಂತೆ. ಅವನು ಕವರು ತಿರುಗಿಸಿ ನೋಡಿ, "ಇದರಾಗ ನಿನ್ನ ಹೆಸರ ಎಲ್ಲೈತಿ ಮುದುಕಿ, ಸರಿ ಆ ಕಡೆ" ಅಂದನಂತೆ. ಆ ದಿನದಿಂದ ಅವಳಿಗೆ ಒಂದೇ ಹಟ.

* * *

ಕೊಲ್ಲಾಪುರದ ಶೇಟಜಿಯ ಕಂಪನಿ ದೊಡ್ಡದು. ಊರ ಕಂಪನಿಗಳ ಕ್ಯಾಸೆಟ್ಟನ್ನೆಲ್ಲ ಅದು ಒಂದೊಂದಾಗಿ ನುಂಗುತ್ತಿದ್ದ ಕಾಲ. ಶೇಟಜಿ ಕಾರಿನಲ್ಲಿ ಬಂದು ಅಕ್ಕವ್ವನ ಕ್ಯಾಸೆಟ್ಟು ಕೇಳಿ ತಲೆದೂಗಿದ. ಆಮೇಲೆ ಹುಬ್ಬು ಗಂಟಿಕ್ಕಿದ.

"ಗಾಣಂ ಭಾರೀ ಆಹೇ, ಪಣ ಮ್ಹೈಸ್ ಕಶಾಲಾ?"

ಹಾಡು ಭರ್ಜರಿ, ಆದರೆ ಎಮ್ಮೆ ಯಾಕೆ ಎಂದು ಅವನ ಪ್ರಶ್ನೆ. ಪಡಸಾಲೆಯ ಪಕ್ಕ ಎಮ್ಮೆ ಕಟ್ಟುತ್ತಿದ್ದರು. ಅಕ್ಕವ್ವ ದೇವಿಯನ್ನು ಕರೆದಾಗಲೆಲ್ಲ ಎಮ್ಮೆ ಓಗೊಡುತ್ತಿತ್ತು. ನಡುವೆ ಪಂಪ್‌ಸೆಟ್ಟು, ಕಬ್ಬಿನ ಟ್ರ್ಯಾಕ್ಟರು. ಈಗಿನ ಜನ ಸ್ಟೀರಿಯೋ ಕೇಳುತ್ತಾರೆ, ಆವಾಜು ಸ್ವಚ್ಛ ಬೇಕು, ಬಾಯಿಯನ್ನು ಒಳ್ಳೆಯ ಮೈಕಿನ ಮುಂದೆ ಇಟ್ಟು ಮತ್ತೆ ಹಾಡಿಸಿ, ಸೋಮವಾರ ಬಂದು ಒಯ್ಯುತ್ತೇನೆ ಅಂದ. ಕಾಕಾಸಾಹೇಬರು ಸಂದಿ ನೋಡಿ ಅಯ್ಯನವರ ಭಕ್ತಿಗೀತೆಯನ್ನೂ ಜೊತೆಗೆ ಗಂಟುಹಾಕಿದರು.

ಒಳ್ಳೆಯ ಮೈಕು ಒಳಗಿತ್ತು. ಅಕ್ಕವ್ವನ ಬಾಯಿ ಹೊರಗಿತ್ತು. ಸಾಹೇಬರಿಗೆ ರಾತ್ರಿ ನಿದ್ದೆ ಹತ್ತಲಿಲ್ಲವಂತೆ. ಬೆಳಿಗ್ಗೆ ಗುರುಪಾದಯ್ಯನವರು ಶಾಸ್ತ್ರದಲ್ಲಿ ದಾರಿ ಹುಡುಕಿಕೊಟ್ಟರು: ಹಾಡಲಿ, ಆಮೇಲೆ ಶುದ್ಧಿ ಮಾಡಿದರಾಯಿತು.

ಭರಮು ಓಡುತ್ತ ಕೇರಿಗೆ ಬಂದು ಸುದ್ದಿ ಹೇಳಿದಾಗ ಅಕ್ಕವ್ವ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

"ಒಳಗ ಕರದ್ರಂದ್ರ ಕುಣಕೋತ ಹೋಗ್ಲೇನು? ನನ್ನ ಹೆಸರ ಇಲ್ದ ಹಾಡೂದಿಲ್ಲ."

"ಕವರ ನನ್ನ ಕೈಯಾಗ ಇಲ್ಲ ಚಿಗವ್ವ. ಟೇಪ ಐತಿ. ಹಾಡಿಗಿ ಮೊದಲ ನಿನ್ನ ಹೆಸರ ನೀನ ಹೇಳು. ಅದನ್ನ ತಗ್ಯಾಂಗಿಲ್ಲ ನಾ."

"ಯಾರರ ತಗಿ ಅಂದ್ರ?"

"ತಗ್ಯಾಂಗಿಲ್ಲ ಅಂದ್ನೆಲ್ಲ."

"ನನ್ನ ಗಂಟಲಾ ಇನ್ನ ಭಾಳ ದಿನಾ ಬರೂದಿಲ್ಲ ಭರಮ್ಯಾ. ತಂಬಾಕದ ವಖಾರಿಯೊಳಗ ದುಡದ ದುಡದ ಅರ್ಧಾ ಹೋಗೇತಿ. ಉಳದದ್ದ ಇದ ಒಂದ ಹಾಡ. ನೋಡ ಮತ್ತ."

* * *

ಸೋಮವಾರ ಅಕ್ಕವ್ವ ಹೊಸ್ತಿಲು ದಾಟಿದಳು. ದಾಟುವಾಗ ಸಾಹೇಬರು ಆ ಕಡೆ ಮುಖ ತಿರುಗಿಸಿ ಕಬ್ಬಿನ ಹೊಲ ನೋಡಿದರು, ನೋಡದಿದ್ದರೆ ನಡೆದೇ ಇಲ್ಲ ಎನ್ನುವ ಹಾಗೆ. ಅವಳು ಕಂಬಳಿಗಳನ್ನು ಮೂಸಿ ನೋಡಿ ನಕ್ಕಳು. ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಳು.

ಕೆಂಪು ದೀಪ ಹತ್ತಿತು. ಭರಮುವಿನ ಕಿವಿಯಲ್ಲಿ ಅವಳ ಉಸಿರು ಕೇಳಿತು. ಇಷ್ಟು ವರ್ಷ ಎಮ್ಮೆಯ ಹಿಂದೆ ಅಡಗಿದ್ದ ಉಸಿರು ಅದು.

"ನಾ ಹಾರೂಗೇರಿ ಹೊಲಗೇರಿ ಅಕ್ಕವ್ವ. ಹಾಡ ನಂದು, ದನಿ ನಂದು. ಕೇಳೂವರು ಕೇಳ್ರಿ. ಒಲ್ಲದವರು ಕಿವಿ ಮುಚ್ಕೋರಿ, ನನಗ ಬಾಯಿ ಮುಚ್ಚಂತ ಹೇಳಬ್ಯಾಡ್ರಿ."

ಆಮೇಲೆ ಚೌಡಕಿ ಮಿಡಿದಳು. ಕಬ್ಬು ಕಡಿದವಳು ಬೆಲ್ಲದ ಗಾಣದ ಮುಂದೆ ನಿಂತು ಸೆರಗೊಡ್ಡಿ ಬೇಡುವ ಹಾಡು. ಕೊಪ್ಪರಿಗೆ ಕುದಿಯುತ್ತದೆ, ಬೆಲ್ಲದ ವಾಸನೆ ಊರೆಲ್ಲ ಹರಡುತ್ತದೆ, ಅವಳ ಸೆರಗಿಗೆ ಬೂದಿ ಬೀಳುತ್ತದೆ. ದೇವಿಯನ್ನು ಅವಳು ಬಯ್ಯುತ್ತಾಳೆ, ನೀನೂ ಗಾಣದವರ ಮನೆಯಲ್ಲೇ ಉಂಡು ಮಲಗಿದೆಯೇನೇ ಎಂದು ಕೇಳುತ್ತಾಳೆ. ಆ ಸಾಲಿನಲ್ಲಿ ಅಕ್ಕವ್ವನ ದನಿ ಒಡೆಯಿತು, ಒಡೆದು ಮತ್ತೆ ಮೇಲೆದ್ದಿತು. ಭರಮುವಿನ ಕಣ್ಣು ತುಂಬಿ ಮುಳ್ಳು ಕಾಣದಾಯಿತು. ಅವನಿಗೆ ಹೆಮ್ಮೆಯಾಗಿತ್ತು.

ಅವಳು ಹೊರಬಂದು ಬೇವಿನ ಗಿಡದ ಕೆಳಗೆ ಕೂತಳು. ಅಷ್ಟರಲ್ಲಿ ಗುರುಪಾದಯ್ಯನವರು ತಂಬಿಗೆ ಹಿಡಿದು ಬಂದರು. ಬೇರೆ ಏನನ್ನೂ ನೋಡದೆ ನೆಟ್ಟಗೆ ಮೈಕಿನ ಹತ್ತಿರ ಹೋದರು.

"ಅಯ್ನಾರ, ಅದಕ ಕರೆಂಟ ಚಾಲೂ ಐತ್ರಿ. ನೀರ ಹಾಕಬ್ಯಾಡ್ರಿ," ಅಂದ ಭರಮು.

"ಇದು ನೀರಲ್ಲಲೇ ಮೂರ್ಖಾ. ಗೋಮೂತ್ರ."

"ಏನರ ಇರಲಿ ಅಯ್ನಾರ, ಹಸೀ ಅಲ್ಲೇನ್ರಿ?"

"ಲೇ ಹೊಲ್ಯಾ," ಕಾಕಾಸಾಹೇಬರು ಬಾಗಿಲಿಂದ ಗದರಿದರು, "ನೀ ಮಷಿನ್ ನೋಡು. ಶಾಸ್ತ್ರ ಅವರು ನೋಡ್ತಾರ. ಸೂಳೀಮಗಂದು, ನಾಕ ವಾಯರ್ ಜೋಡ್ಸಾಕ ಬಂತಂದ್ರ ಅಯ್ನಾರಿಗೇ ಕಲಸಾಕ ಬಂದ."

ಭರಮು ಕೈ ಕಟ್ಟಿ ನಿಂತ. ಅಯ್ಯನವರು ಮಂತ್ರ ಹೇಳುತ್ತ ಬಿಲ್ವಪತ್ರಿಯಿಂದ ಚಿಮುಕಿಸಿದರು. ಅಕ್ಕವ್ವನ ಬಾಯಿ ಬಹಳ ಹೊತ್ತು ಆಡಿದೆಯೆಂದು ನೆನಪಾಗಿ, ತಂಬಿಗೆಯನ್ನೇ ಬಗ್ಗಿಸಿದರು. ಜರ್ಮನ್ ಮೈಕು ಚರ್ ಅಂದಿತು. ಸಣ್ಣಗೆ ಹೊಗೆ ಬಂತು. ಮುಳ್ಳು ಒಮ್ಮೆ ಆ ತುದಿಗೆ ಹೋಗಿ ಬಡಿದು, ವಾಪಸು ಬಂದು ಮಲಗಿತು.

"ಏನಾತಲೇ?" ಅಂದರು ಸಾಹೇಬರು.

"ಶುದ್ಧ ಆತ್ರಿ ಸಾಹೇಬ್ರ. ಇನ್ನ ಯಾರ ದನೀನೂ ಒಳಗ ಬಿಟ್ಕೊಳ್ಳೂದಿಲ್ಲ."

ಬೇವಿನ ಗಿಡದ ಕೆಳಗಿಂದ ಅಕ್ಕವ್ವ ಎಲ್ಲ ನೋಡಿದಳು. ಭರಮು ಹೊರಗೆ ಬಂದಾಗ ಅವಳ ಮುಖದಲ್ಲಿ ನಗು ಇರಲಿಲ್ಲ.

"ಹಾಡಿಸ್ಕೊಂಡ ಮ್ಯಾಲ ದನೀ ಮ್ಯಾಲ ಉಚ್ಚಿ ಹಾಕಿದ್ರಲ್ಲೋ," ಅಂದಳು. ಅಷ್ಟೇ ಹೇಳಿ ಚೌಡಕಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದು ನಡೆದಳು. ಭರಮು ಅವಳ ಹಿಂದೆ ನಾಲ್ಕು ಹೆಜ್ಜೆ ಹೋದ. ಆದರೆ ಕೈಯಲ್ಲಿ ಕೆಲಸವಿತ್ತು. ಅಯ್ಯನವರು ಹಾಡುವುದು ಬಾಕಿ ಇತ್ತು.

* * *

ಉಳಿದದ್ದು ಹೊರಗಿನ ಮೈಕು ಒಂದೇ. ಶೇಟಜಿ ಸಂಜೆಯೊಳಗೆ ಬರುವವನಿದ್ದ. ಭರಮು ಕಂಬದ ಹಗ್ಗ ಬಿಚ್ಚಿ, ಜಜ್ಜಿದ ಮೈಕನ್ನು ತಂದು ಅಯ್ಯನವರ ಮುಂದೆ ನಿಲ್ಲಿಸಿದ. ಅದರ ಜಾಳಿಗೆಯಲ್ಲಿ ಎಷ್ಟೋ ವರ್ಷದ ಎಲೆಯಡಿಕೆಯ ಕೆಂಪು ಕೂತಿತ್ತು.

"ಕಾಕಾಸಾಹೇಬ್ರ, ಇದನ್ನೂ ಶುದ್ಧಿ ಮಾಡ್ಲೇನ್ರಿ?" ಅಯ್ಯನವರು ತಂಬಿಗೆಯತ್ತ ಕೈ ಚಾಚಿದರು.

ಸಾಹೇಬರು ಓಡಿ ಬಂದು ತಂಬಿಗೆ ಕಸಿದುಕೊಂಡರು. "ಬ್ಯಾಡ್ರಿ ಅಯ್ನಾರ, ಕೈ ಮುಗೀತೇನಿ. ಇದೊಂದ ಉಳದೈತಿ."

ಅಯ್ಯನವರು ಕಣ್ಣು ಮುಚ್ಚಿ ವಿಚಾರ ಮಾಡಿದರು. ದನಿ ಎಂದರೆ ವಾಯು, ವಾಯುವಿಗೆ ಮೈಲಿಗೆ ಇಲ್ಲ ಎಂಬ ಮಾತು ಅವರಿಗೆ ನೆನಪಾಯಿತು. ಒಂದು ತಾಸು ಮೊದಲು ನೆನಪಾಗಿದ್ದರೆ ಜರ್ಮನ್ ಮೈಕು ಬದುಕುತ್ತಿತ್ತು.

"ಹಳೇ ಮೈಕ್ರಿ, ದೂರಿಂದ ಕೇಳ್ಸೂದಿಲ್ಲ," ಅಂದ ಭರಮು ಹೆಡ್‌ಫೋನ್ ಹಾಕಿಕೊಂಡು. "ಹತ್ರ ಬರ್ರಿ ಅಯ್ನಾರ."

ಬಂದರು.

"ಇನ್ನೂ ಹತ್ರ."

"ಏನೋ ವಾಸನಿ ಹೊಡೀತೈತಲ್ಲೋ."

"ತಂಬಾಕದ್ರಿ. ಬಾಯಿ ಹಚ್ಚರಿ ಅಯ್ನಾರ. ತುಟಿ ಹತ್ತಲಿ. ಹಾಂ, ಹಂಗ."

ಎದುರಿಗಿದ್ದ ಗುಂಡಿಯನ್ನು ಒಂದಿಷ್ಟು ತಿರುಗಿಸಿದ್ದರೆ ಅಯ್ಯನವರು ಒಂದು ಮೊಳ ದೂರ ನಿಂತೇ ಹಾಡಬಹುದಿತ್ತು. ಭರಮು ತಿರುಗಿಸಲಿಲ್ಲ. ಗುರುಪಾದಯ್ಯನವರು ಅಕ್ಕವ್ವನ ಎಂಜಲಿಗೆ ತುಟಿ ಹಚ್ಚಿ, ಮೊದಲು ತಮ್ಮ ಹೆಸರು, ಗುರುವಿನ ಹೆಸರು, ಗುಡಿಯ ಹೆಸರು ಹೇಳಿಕೊಂಡು, ಕ್ಯಾಸೆಟ್ಟಿನ ಎರಡೂ ಮಗ್ಗಲು ತುಂಬುವಷ್ಟು ಭಕ್ತಿ ಹಾಡಿದರು.

ಅವರು ಹೋದ ಮೇಲೆ ಸಾಹೇಬರು ಕುರ್ಚಿ ಎಳೆದುಕೊಂಡರು.

"ಆ ಮುದುಕಿ ಮೊದಲ ಏನೋ ಒದರಿದ್ಲಲ್ಲ, ಹೊಲಗೇರಿ ಅದು ಇದು ಅಂತ. ಕತ್ತರ್ಸು ಅದನ್ನ."

"ಆಕಿ ಹೆಸರ್ರಿ ಅದು."

"ಅದಕ್ಕ ಕತ್ತರ್ಸಂತೀನಿ. ಕವರಿನ ಮ್ಯಾಲ ನಮ್ಮ ಸೊಸಿ ಗಿರಿಜವ್ವನ ಫೋಟೋ ಬರ್ತೈತಿ. ಕೊಲ್ಲಾಪುರದ ಕಂಪನಿ, ನಾಕ ಮಂದಿ ಮರ್ಯಾದಸ್ಥರು ನೋಡ್ತಾರ. ನನ್ನ ಕ್ಯಾಸೆಟ್ಟಿನ್ಯಾಗ ಹೊಲಗೇರಿ ಮಾತಾಡಬಾರ್ದು."

"ಹಾಡೂದು ನಡೀತೈತೇನ್ರಿ ಹೊಲಗೇರಿ?"

ಸಾಹೇಬರು ಕಾಲಿನ ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡರು. ಎಸೆಯಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡರು. "ನನ್ನ ಕಣ್ಮುಂದ ಕತ್ತರ್ಸು. ನಿಮ್ಮ ಮಂದೀನ ನಂಬೂದಿಲ್ಲ ನಾ."

ಮಷಿನ್ನಿನ ಮೇಲೆ ಆಗ ಇದ್ದದ್ದು ಅಯ್ಯನವರ ಸ್ಪೂಲು. ಅಕ್ಕವ್ವನದು ಪಕ್ಕದ ಹಲಗೆಯ ಮೇಲಿತ್ತು. ಎರಡೂ ಕಂದು ಬಣ್ಣದವು, ಎರಡೂ ದುಂಡಗಿದ್ದವು. ಭರಮು ಹಲಗೆಯತ್ತ ಕೈ ಚಾಚಿದವನು ಹಾಗೇ ನಿಂತ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಮಷಿನ್ನಿನ ಮೇಲಿದ್ದ ಸ್ಪೂಲನ್ನೇ ಅದರ ಆರಂಭಕ್ಕೆ ತಿರುಗಿಸಿದ. ಕಿವಿಯಲ್ಲಿ ಅಯ್ಯನವರು ತಮ್ಮ ಹೆಸರು ಹೇಳಿಕೊಳ್ಳುತ್ತಿದ್ದರು. ಮುಳ್ಳು ಕುಣಿಯಿತು.

"ಇಲ್ಲೇ ಐತ್ರಿ ಹೆಸರು. ಕೇಳ್ತೀರೇನ್ರಿ?" ಹೆಡ್‌ಫೋನ್ ತೆಗೆದು ಮುಂದೆ ಹಿಡಿದ.

ಕಾಕಾಸಾಹೇಬರು ಕುರ್ಚಿ ಸಮೇತ ಹಿಂದೆ ಸರಿದರು. "ಸರೀಲೇ ಆ ಕಡೆ. ನಿನ್ನ ಕಿವಿಗೆ ಹತ್ತಿದ್ದು ನನ್ನ ಕಿವಿಗೇನು?"

"ಹಂಗಂದ್ರ ನಾನ ಕೇಳಿ ಹೇಳ್ತೇನ್ರಿ. ಇಲ್ಲಿ ಸುರು ಆಕ್ಕೈತಿ. ಇಲ್ಲಿಗೆ ಮುಗೀತು."

ಬ್ಲೇಡಿನಿಂದ ಎರಡು ಕಡೆ ಕತ್ತರಿಸಿ ತುಂಡನ್ನು ಎತ್ತಿ ತೋರಿಸಿದ. ಸಾಹೇಬರಿಗೆ ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಲೈಟರ್ ತೆಗೆದು, ಭರಮುವಿನ ಕೈಯಲ್ಲಿ ತೂಗುತ್ತಿದ್ದ ಟೇಪಿನ ತುದಿಗೆ ತಾವೇ ಬೆಂಕಿ ಹಚ್ಚಿದರು. ಗುರುಪಾದಯ್ಯನವರ ಹೆಸರು, ಅವರ ಗುರುವಿನ ಹೆಸರು, ಗುಡಿಯ ಹೆಸರು ಸುರುಟಿಕೊಂಡು ಉರಿದು ನೆಲಕ್ಕೆ ಬಿದ್ದವು. ಕೋಣೆಯೆಲ್ಲ ನಾರಿತು.

"ಹೊಲಸ ನಾರೂದ ಇರ್ತೈತಿ," ಅಂದು ಸಾಹೇಬರು ಎದ್ದು ಹೋದರು.

ಭರಮು ಬಾಗಿಲು ಹಾಕಿದ. ಅಕ್ಕವ್ವ ಹೆಸರು ಹೇಳಿದ ಭಾಗವನ್ನು ಇನ್ನೊಂದು ಮಷಿನ್ನಿನಲ್ಲಿ ನಕಲು ತೆಗೆದ. ಅವಳ ಸ್ಪೂಲಿಗೆ ಕೈ ಹಚ್ಚಲಿಲ್ಲ, ಅದು ಹೇಗಿತ್ತೋ ಹಾಗೇ ಡಬ್ಬಿ ಸೇರಿತು. ನಕಲನ್ನು ಮಾತ್ರ ಅಯ್ಯನವರ ಸ್ಪೂಲಿನಲ್ಲಿ, ಸುಟ್ಟ ಹೆಸರಿದ್ದ ಜಾಗದಲ್ಲಿ ಅಂಟಿಸಿದ. ಇದು ಹೊರಗೆ ಬಿದ್ದ ದಿನ ತನ್ನ ಗತಿ ಏನು ಎಂದು ಅವನಿಗೆ ಗೊತ್ತಿತ್ತು. ತಂಬಿಗೆ ಬಗ್ಗಿದ್ದು ನೆನಪಾಯಿತು. ಅಂಟನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸಿದ.

ಸಂಜೆ ಶೇಟಜಿ ಬಂದು ಎರಡೂ ಡಬ್ಬಿ ಒಯ್ದ.

* * *

ಕಾರ್ಖಾನೆಯ ಚುನಾವಣೆ ಹತ್ತಿರ ಬಂದಿತ್ತು. ಭಕ್ತಿಗೀತೆಯನ್ನು ಸುತ್ತಲಿನ ಊರುಗಳ ಗುಡಿಗಳಿಗೆಲ್ಲ ಪುಕ್ಕಟೆ ಹಂಚುವುದು, ಎಲ್ಲ ಗುಡಿಗಳ ಲೌಡ್‌ಸ್ಪೀಕರ್ ಹಾರ್ನಿನಲ್ಲೂ ಒಂದೇ ಹೊತ್ತಿಗೆ ಹಚ್ಚಿಸುವುದು, ಹೀಗೆ ಬಿಡುಗಡೆ ಮಾಡಿದವರು ಈ ಭಾಗದಲ್ಲೇ ಯಾರೂ ಇಲ್ಲ ಎಂದು ಕಾಕಾಸಾಹೇಬರು ತಾವೇ ಹುಡುಕಿದ ಯುಕ್ತಿಗೆ ತಾವೇ ಬೆರಗಾಗಿದ್ದರು. ಕೊಲ್ಲಾಪುರದಿಂದ ಪೆಟ್ಟಿಗೆಗಳು ಬಂದ ದಿನವೇ ಜೀಪು ಊರೂರು ಸುತ್ತಿ ಹಂಚಿತು. ಮೊದಲು ದೇವರೇ ಕೇಳಬೇಕು, ಅಲ್ಲಿಯವರೆಗೆ ಯಾರೂ ಸೀಲು ಒಡೆಯಕೂಡದು ಎಂದು ಅಯ್ಯನವರ ಅಪ್ಪಣೆ.

ಮುಂದೊಂದು ಸೋಮವಾರ ಬೆಳಿಗ್ಗೆ ಗುಡಿಯ ಮುಂದೆ ಪೆಂಡಾಲು. ಕಟ್ಟೆಯ ಮೇಲೆ ಸಾಹೇಬರು, ಅಯ್ಯನವರು, ಡೈರೆಕ್ಟರುಗಳು. ಕೇರಿಯವರನ್ನು ಚಪ್ಪಲಿ ಬಿಡುವ ಜಾಗದ ಆಚೆ, ಹುಣಸೆ ಗಿಡದ ಹತ್ತಿರ ನಿಲ್ಲಿಸಿದ್ದರು. ಅಕ್ಕವ್ವನೂ ಅಲ್ಲೇ ಇದ್ದಳು. ಅವಳಿಗೆ ಭರಮು ಏನೂ ಹೇಳಿರಲಿಲ್ಲ. ಗುಡಿಯೊಳಗೆ ಕಾಲಿಡದ ಭರಮು ಹಿಂದಿನ ದಿನ ಗುಡಿಯ ಮಾಳಿಗೆ ಹತ್ತಿ ಹಾರ್ನು ಕಟ್ಟಿದ್ದ. ಈಗ ಕಟ್ಟೆಯ ಕೆಳಗೆ ಆಂಪ್ಲಿಫಯರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

ಸಾಹೇಬರು ಸೀಲು ಒಡೆದು, ಕ್ಯಾಸೆಟ್ಟನ್ನು ದೇವರಿಗೆ ತೋರಿಸಿ, ತಾವೇ ಹಾಕಿ ಗುಂಡಿ ಒತ್ತಿದರು. ಎಲ್ಲರೂ ಕೈ ಮುಗಿದರು.

"ನಾ ಹಾರೂಗೇರಿ ಹೊಲಗೇರಿ ಅಕ್ಕವ್ವ," ಅಂದಿತು ಗುಡಿ.

ಮುಗಿದ ಕೈಗಳು ಹಾಗೇ ಉಳಿದವು.

"ಹಾಡ ನಂದು, ದನಿ ನಂದು. ಕೇಳೂವರು ಕೇಳ್ರಿ. ಒಲ್ಲದವರು ಕಿವಿ ಮುಚ್ಕೋರಿ, ನನಗ ಬಾಯಿ ಮುಚ್ಚಂತ ಹೇಳಬ್ಯಾಡ್ರಿ."

ಅದರ ಹಿಂದೆಯೇ ಗುರುಪಾದಯ್ಯನವರು ಮೂಗಿನಿಂದ ಶಿವನನ್ನು ಕರೆಯತೊಡಗಿದರು. ಹೆಂಗಸರ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಹೋಗಿ ಡೈರೆಕ್ಟರುಗಳವರೆಗೂ ಬಂತು. ಅಯ್ಯನವರು ಒಮ್ಮೆ ಮಾಳಿಗೆಯ ಹಾರ್ನಿನತ್ತ, ಒಮ್ಮೆ ತಮ್ಮ ಬಾಯಿಯತ್ತ ಬೆರಳು ಮಾಡಿದರು. ಹುಣಸೆ ಗಿಡದ ಹತ್ತಿರ ಅಕ್ಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಕಾಕಾಸಾಹೇಬರು ಗುಂಡಿ ಒತ್ತಿ ಬಂದ್ ಮಾಡಿದರು. ಕಟ್ಟೆಯಿಂದ ಧುಮುಕಿ ಭರಮುವಿನ ಕೊರಳಪಟ್ಟಿ ಹಿಡಿದು ಎತ್ತಿದರು.

"ಬೋಳೀಮಗನ, ಕತ್ತರಸ್ದಿಲ್ಲಲೇ ನನ್ನ ಮುಂದ? ನಾನ ಸುಟ್ನೆಲ್ಲಲೇ?"

"ನೀವ ಸುಟ್ರಿ. ಏನ ಸುಟ್ರಿ ಅಂತ ಕೇಳ್ರಿ ಅಂದ್ನಿ, ನೀವ ಒಲ್ಲೆ ಅಂದ್ರಿ."

ಕಪಾಳಕ್ಕೆ ಬಿತ್ತು. ಬರಿಗೈ. ಇಷ್ಟು ವರ್ಷದಲ್ಲಿ ಸಾಹೇಬರ ಕೈ ಅವನ ಮೈ ಮುಟ್ಟಿದ್ದು ಅದೇ ಮೊದಲು. ಭರಮುವಿನ ತುಟಿ ಒಡೆದು ರಕ್ತ ಬಂತು. ಅವನು ಒರೆಸಿಕೊಳ್ಳಲಿಲ್ಲ.

"ಮುಟ್ಟಿದ್ರಿ ಸಾಹೇಬ್ರ. ತಂಬಿಗಿ ತರಸ್ರಿ."

ಸಾಹೇಬರು ಮತ್ತೆ ಕೈ ಎತ್ತಿದರು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಕಬ್ಬಿನ ಹೊಲಗಳ ಆಚೆ, ಪಕ್ಕದ ಊರಿನ ಗುಡಿಯ ಹಾರ್ನು ಚಾಲೂ ಆಗಿತ್ತು. ಗಾಳಿ ಈ ಕಡೆಗೇ ಇತ್ತು. ಮೊದಲು ಅಸ್ಪಷ್ಟ, ಆಮೇಲೆ ಸ್ಪಷ್ಟ.

"...ಹೊಲಗೇರಿ ಅಕ್ಕವ್ವ. ಹಾಡ ನಂದು, ದನಿ ನಂದು..."

"ಓಡ್ರಿಲೇ, ಜೀಪ ತಗೀರಿ. ಬಂದ್ ಮಾಡಸ್ರಿ ಅದನ್ನ," ಸಾಹೇಬರು ಕೂಗಿದರು. ಡ್ರೈವರ್ ಓಡಿದ. ಅವನು ಕೀಲಿ ತಿರುಗಿಸುವಷ್ಟರಲ್ಲಿ ಹೊಳೆಯ ಕಡೆಯ ಊರಿನಿಂದಲೂ ಅದೇ ದನಿ ಎದ್ದಿತು. ಜೀಪು ಯಾವ ಕಡೆ ಹೋಗಬೇಕೆಂದು ತಿಳಿಯದೆ ಅಲ್ಲೇ ಗುರುಗುಡುತ್ತ ನಿಂತಿತು.

ಹುಣಸೆ ಗಿಡದ ಕಡೆಯಿಂದ ಅಕ್ಕವ್ವ ನಡೆದು ಬಂದಳು. ಚಪ್ಪಲಿ ಬಿಡುವ ಜಾಗ ದಾಟಿದಳು. ಯಾರೂ ತಡೆಯಲಿಲ್ಲ, ಎಲ್ಲರ ಕಿವಿ ಆಚೆಯ ಊರುಗಳ ಕಡೆಗಿತ್ತು. ಬಂದು ಭರಮುವಿನ ಪಕ್ಕ ನಿಂತು, ಸೆರಗಿನಿಂದ ಅವನ ತುಟಿಯ ರಕ್ತ ಒರೆಸಿದಳು.

"ಅದ ಯಾವೂರ ಗುಡಿ ಭರಮ್ಯಾ?"

"ಗೊತ್ತಿಲ್ಲ ಚಿಗವ್ವ. ಇನ್ನೂ ಭಾಳ ಅದಾವು."

ಅವಳು ತಲೆ ಓರೆ ಮಾಡಿ ಕೇಳುತ್ತ ನಿಂತಳು.